ಹೆಬ್ಬೆಟ್ಟಿನ ಮೇಲಿನ ಜಾಗ

ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಒತ್ತಿಸಿಕೊಂಡು ಹೋಗುವಾಗ ಗುರಲಿಂಗಪ್ಪನಿಗೆ ತನ್ನ ಹೆಗಲ ಚೀಲದಲ್ಲಿ ಹದಿಮೂರು ಮನೆಗಳ ಹೆಬ್ಬೆಟ್ಟುಗಳಿವೆ ಎನ್ನುವುದು ಒಮ್ಮೆಲೇ ನೆನಪಾಗಿ, ಚೀಲವನ್ನು ಬೆನ್ನಿನಿಂದ ಹೊಟ್ಟೆಯ ಮೇಲಕ್ಕೆ ಎಳೆದುಕೊಂಡ. ಕದಿಯುವವರು ಯಾರೂ ಇರಲಿಲ್ಲ. ಖಾಲಿ ಕಾಗದ ಕದ್ದು ಯಾರು ಏನು ಮಾಡಿಯಾರು? ಆದರೂ ಹನ್ನೊಂದು ವರ್ಷಗಳಿಂದ ಎಸ್ಸೆಸ್ಸಿ ರಿಸಲ್ಟ್ ಬಂದ ಮೇಲಿನ ಮಳೆಯ ದಿನಗಳಲ್ಲಿ ಅವನು ಈ ಚೀಲವನ್ನು ಹೀಗೇ ಅವುಚಿಕೊಂಡು ಕಾಲೇಜಿನಿಂದ ಕಾಲೇಜಿಗೆ ಅಲೆದಿದ್ದ. ರಿಸಲ್ಟಿನ ಮರುಭಾನುವಾರ ವಡಾಲದ ಅವನ ಕೋಣೆಯ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಘಾಟ್ಕೋಪರಿನಲ್ಲಿ ಅವನು ಕಲಿಸುವ ಕನ್ನಡ ಹೈಸ್ಕೂಲಿನ ಮಕ್ಕಳ ತಂದೆತಾಯಂದಿರು, ಗಾರೆಯವರು, ಬಂದರದ ಗೋದಿಯ ಹಮಾಲರು, ಕಾರ್ಖಾನೆಯ ಗೇಟು ಕಾಯುವವರು, ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುವವರು, ಕಾಲೇಜಿನ ಕಿಟಕಿಯ ಮುಂದೆ ದಿನಗಟ್ಟಲೆ ನಿಲ್ಲಲಾರದವರು. ಅವರ ಅನುಕೂಲಕ್ಕೆಂದೇ ಗುರಲಿಂಗಪ್ಪ ಒಂದು ಪದ್ಧತಿ ಮಾಡಿದ್ದ. ಒಂದು ಖಾಲಿ ಫಾರ್ಮಿಗೆ ಹೆಬ್ಬೆಟ್ಟು, ಎರಡು ಖಾಲಿ ಹಾಳೆಗಳಿಗೆ ಹೆಬ್ಬೆಟ್ಟು. ಫಾರ್ಮನ್ನು ಅವನು ಆಮೇಲೆ ತುಂಬುವನು. ಹಾಳೆಗಳು ಮುಂದೆ ಬೀಳಬಹುದಾದ ಅರ್ಜಿಗಳಿಗೆ, ಫೀ ಮಾಫಿಗೋ, ತಡವಾದದ್ದಕ್ಕೋ. ಹಾಳೆಯನ್ನು ಮೂರು ಮಡಿಕೆ ಮಾಡಿ ಕೆಳಗಿನ ಮಡಿಕೆಯಲ್ಲಿ ಒತ್ತಿಸುತ್ತಿದ್ದ, ಮೇಲೆ ಹದಿನೆಂಟು ಸಾಲಿಗೆ ಜಾಗ ಉಳಿಯುತ್ತಿತ್ತು. ಇದಕ್ಕೆಲ್ಲ ಅವನು ಯಾರಿಂದಲೂ ದುಡ್ಡು ಮುಟ್ಟಿದವನಲ್ಲ. ನಮಸ್ಕಾರಗಳನ್ನು ಮಾತ್ರ ಒಂದೂ ಬಿಡುತ್ತಿರಲಿಲ್ಲ.

ಚೀಲ ಹೀಗೆ ಹೊಟ್ಟೆಗೆ ತಾಗಿದಾಗಲೆಲ್ಲ ತಾನು ನಾಲ್ಕು ಜನರಿಗೆ ಬೇಕಾದವನು ಎಂಬ ಬೆಚ್ಚಗಿನ ಭಾವ ಹುಟ್ಟುವುದಿತ್ತು. ಇಂದು ಹುಟ್ಟಲಿಲ್ಲ. ಬೇರೇನೂ ಹುಟ್ಟಲಿಲ್ಲ. ಬೆಳಿಗ್ಗೆ ಮಗಳು ಅಕ್ಕು ಆ ಮಾತು ಹೇಳಿದಾಗಿನಿಂದ ಎದೆಯಲ್ಲಿ ಏನಾದರೂ ಆಗಬೇಕಿತ್ತು, ಆಗಿರಲಿಲ್ಲ, ಆಗದ್ದನ್ನೇ ಅವನು ಕಾಯುತ್ತಿದ್ದಂತಿತ್ತು. ಆಗ ಅವನು ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಅಕ್ಕು ಚಹಾದ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ವಡಾಲದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅರ್ಧ ಹಿಂದಿಯಿಲ್ಲದೆ ಅವಳಿಗೆ ಒಂದು ವಾಕ್ಯ ಮುಗಿಯುವುದಿಲ್ಲ. "ಪಪ್ಪಾ, ನಿನ್ನೆ ಕಾಲೇಜ್‌ದಾಗ ಲಿಸ್ಟ್ ನೋಡಿದೆ. ನನ್ನ ನಾಮ್ ಏಕದಮ್ ಕೆಳಗ ಅದ. ಹಸೀನಾಂದು ಆರ್ಟ್ಸ್‌ದಾಗ ಸಬ್‌ಸೇ ಫಸ್ಟ್." ಅವಳ ದನಿಯಲ್ಲಿ ಗೆಳತಿಯ ಬಗ್ಗೆ ಹೆಮ್ಮೆಯೇ ಇತ್ತು. "ಲೇಕಿನ್ ಪಪ್ಪಾ, ಹಸೀನಾಗ ಅರವತ್ತೆರಡು ಅದಲ್ಲ? ಸಾಯನ್ಸ್ ಲಿಸ್ಟ್ ಐವತ್ತೊಂಬತ್ತಕ್ಕ ನಿಂತದ. ಅಕೀಗಿ ಸಾಯನ್ಸ್ ಕ್ಯೂಂ ನಹೀಂ ಮಿಲಾ?" ಗುರಲಿಂಗಪ್ಪ ಹೆರೆದ ಕೆನ್ನೆಯನ್ನೇ ಮತ್ತೊಮ್ಮೆ ಹೆರೆದ. "ಏನೋ ಇರಬೇಕು" ಎಂದ. ಒಳಗೆ ಸ್ಟೋವಿನ ಮುಂದಿದ್ದ ಹೆಂಡತಿ ನೀಲಾಬಾಯಿ, "ಆ ಪಿಂಜಾರರ ಹುಡುಗಿ ಅಲ್ಲ? ಚಲೋನ ಆತ ಬಿಡು, ನಮ್ಮ ಅಕ್ಕೂಗ ಜೋಡಿ ಆತು" ಎಂದಳು. ಅವಳು ಅಂದದ್ದರಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅವನೇ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಅಲ್ಲಿ ಅರ್ಧ ಸಾಬೂನು ಹಚ್ಚಿದ ಒಬ್ಬ ಮಾಸ್ತರನಿದ್ದ.

ಹಸೀನಾಳ ಫಾರ್ಮಿನಲ್ಲಿ ಆರ್ಟ್ಸ್ ಎಂದು ಬರೆದವನು ಅವನೇ. ಹದಿನೈದು ದಿನದ ಹಿಂದಿನ ಸಂಜೆ, ಮುಚ್ಚಂಜೆಯ ದೀಪ ಆಗಷ್ಟೇ ಹಚ್ಚಿದ್ದರು, ಟ್ರಂಕಿನ ಮೇಲೆ ಫಾರ್ಮುಗಳನ್ನು ಹರವಿಕೊಂಡು ಕೂತಿದ್ದ. ಮೊದಲು ಅಕ್ಕುವಿನದು ತುಂಬಿದ. ನಲವತ್ತೆಂಟು ಪರ್ಸೆಂಟಿಗೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ, ಆರ್ಟ್ಸ್ ಎಂದು ಬರೆದು ಎತ್ತಿಟ್ಟ. ಅದರ ಕೆಳಗಿದ್ದದ್ದು ಹಸೀನಾಳದು. ಹೆಸರು, ತಂದೆಯ ಹೆಸರು, ಊರು, ಜಾತಿ, ಮಾರ್ಕ್ಸು. ಗಣಿತಕ್ಕೆ ಎಪ್ಪತ್ತೊಂದು, ವಿಜ್ಞಾನಕ್ಕೆ ಎಪ್ಪತ್ತಾರು. ಅವನೇ ಕಲಿಸಿದ ವಿಜ್ಞಾನ. ಆಮೇಲೆ ಆ ಚೌಕ ಬಂತು. ಕೈ ಆರ್ಟ್ಸ್ ಎಂದು ಬರೆಯಿತು. ಕೈ ಬರೆಯಿತು ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಎರಡನೆಯ ಅಕ್ಷರ ಬರೆಯುವಾಗಲೇ ಅವನಿಗೆ ಗೊತ್ತಾಗಿತ್ತು, ಮತ್ತು ಅವನು ಮೂರನೆಯದನ್ನೂ ನಾಲ್ಕನೆಯದನ್ನೂ ಬರೆದ, ದುಂಡಗೆ ಬರೆದ. ಅಡ್ಡಗೆರೆ ಹೊಡೆದು ತಿದ್ದಿದರೆ ಫಾರ್ಮು ಗಲೀಜಾಗುತ್ತದೆ ಎಂದುಕೊಂಡ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷಿನ ಸಾಯನ್ಸ್ ಹೊರೆಯಾಗುತ್ತದೆ ಎಂದುಕೊಂಡ. ಹೆಣ್ಣುಹುಡುಗಿ, ಪ್ರಾಕ್ಟಿಕಲ್ ಮುಗಿಸಿ ಹೊತ್ತಾಗಿ ಭಾಂಡುಪಿನ ಮನೆಗೆ ಹೋಗಬೇಕು ಎಂದೂ ಅಂದುಕೊಂಡ. ಇಷ್ಟೆಲ್ಲ ಒಳ್ಳೆಯ ಕಾರಣಗಳು ಮಸಿ ಒಣಗುವಷ್ಟರಲ್ಲಿ ಬಂದು ಸಾಲಾಗಿ ಕೂತವು. ಒಂದಾದರೂ ಬರೆಯುವ ಮುಂಚೆ ಬಂದಿರಲಿಲ್ಲ.

ಗಾಡಿ ಘಾಟ್ಕೋಪರ್ ಮುಟ್ಟುವವರೆಗೆ ಅವನು ಬಾಗಿಲ ಬಳಿಯೇ ನಿಂತ. ಶಾಲೆಗೆ ಹೊಟ್ಟೆನೋವೆಂದು ಚೀಟಿ ಕಳಿಸಿದ್ದ. ಹಳಿಯ ಪಕ್ಕದ ನೀರಿನಲ್ಲಿ ಎಮ್ಮೆಗಳು ನಿಂತಿದ್ದವು. ಹೆಬ್ಬೆಟ್ಟು ಒತ್ತಿಸಿದ ಆ ಭಾನುವಾರ ಹಸೀನಾಳ ಅಪ್ಪ ಮಕ್ತುಮಸಾಬ ಮಗಳನ್ನು ಕರೆದುಕೊಂಡು ಎಲ್ಲರಿಗಿಂತ ಕೊನೆಗೆ ಬಂದಿದ್ದ. ಬೇಸಿಗೆಯಲ್ಲಿ ಹೆಗಲ ಮೇಲೆ ಬಿಲ್ಲು ಹೊತ್ತು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಹೋಗಿ ಗಾದಿಯ ಹತ್ತಿ ಹಿಂಜುವವನು. ಮಳೆ ಹಿಡಿದರೆ ಹತ್ತಿ ತೇವವಾಗುತ್ತದೆ, ಮೂರು ತಿಂಗಳು ಅವನಿಗೆ ಕೆಲಸವಿಲ್ಲ. ಹತ್ತಿಯ ಧೂಳು ಎದೆಗಿಳಿದು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಆವತ್ತು ಜ್ವರವೂ ಇತ್ತು. "ಸಾಯನ್ಸ್ ಹಾಕ್ರಿ ಮಾಸ್ತರ. ದುರ್ಬೀನದಾಗ ನೋಡೂ ಕೆಲಸ ಅಕೀಗಿ ಬೇಕಂತ" ಎಂದು ನಕ್ಕಿದ್ದ. ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಅವನ ಕಫ ಪರೀಕ್ಷೆಗೆ ಕೊಟ್ಟಾಗ ಲ್ಯಾಬಿನ ಹೆಂಗಸೊಬ್ಬಳು ಹಸೀನಾಳಿಗೆ ಸೂಕ್ಷ್ಮದರ್ಶಕದಲ್ಲಿ ಒಂದು ನಿಮಿಷ ಇಣುಕಿ ನೋಡಲು ಬಿಟ್ಟಿದ್ದಳಂತೆ. ಅಪ್ಪನ ಎದೆಯೊಳಗಿನದನ್ನು ಕಣ್ಣಾರೆ ನೋಡಿದ ಹುಡುಗಿ ಅಂದಿನಿಂದ ಅದೊಂದೇ ಮಾತು ಹಿಡಿದಿದ್ದಳು. ಗುರಲಿಂಗಪ್ಪ ತಲೆಯಾಡಿಸುತ್ತ ಹಾಳೆಗಳನ್ನು ಮಡಿಚಿ ಮುಂದಿಟ್ಟಿದ್ದ. ಮಕ್ತುಮಸಾಬ ನೇರಳೆ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ, ಎಲ್ಲಿ ಒತ್ತಲಿ ಎಂದು ಕೇಳಿ ಕೇಳಿ ಒತ್ತಿದ್ದ. ಬಿಲ್ಲಿನ ನರದ ತಂತಿ ಎಂದೋ ಸೀಳಿ ಅವನ ಹೆಬ್ಬೆಟ್ಟಿನ ನಡುವೆ ಉದ್ದಕ್ಕೆ ಒಂದು ಗಾಯದ ಗೆರೆಯಿತ್ತು, ಮೂರೂ ಕಾಗದದ ಮೇಲೆ ಆ ಗೆರೆ ಬಿಳಿಯಾಗಿ ಮೂಡಿತ್ತು.

ಹಿಂದೆ ಗುರಲಿಂಗಪ್ಪ ಸಾಯನ್ಸ್ ಓದುತ್ತಿದ್ದ ಸೋಲಾಪುರದ ಕಾಲೇಜಿನಲ್ಲಿ ಅವನ ಕೈಯಿಂದ ಗಾಜಿನ ಕೊಳವೆ ಜಾರಿದ ದಿನ ಪ್ರೊಫೆಸರರು ಇಂಗ್ಲಿಷಿನಲ್ಲಿ ಏನೋ ಅಂದರು. ಇಡೀ ಲ್ಯಾಬು ನಕ್ಕಿತು. ಏನೆಂದರೆಂದು ಅವನಿಗೆ ತಿಳಿಯಲಿಲ್ಲ. ನಗುವವರ ಜೊತೆ ತಾನೂ ನಕ್ಕ. ಅದಕ್ಕೆ ಅವರು ಇನ್ನಷ್ಟು ನಕ್ಕರು. ಎರಡು ಸಲ ಇಂಟರ್ ಸಾಯನ್ಸ್ ಫೇಲಾಗಿ, ಊರಿಗೆ ಮುಖ ತೋರಿಸದೆ ಮುಂಬಯಿಯ ಗಾಡಿ ಹತ್ತಿ, ಆಮೇಲೆ ಬಾಹ್ಯ ವಿದ್ಯಾರ್ಥಿಯಾಗಿ ಆರ್ಟ್ಸ್ ಮುಗಿಸಿ ಮಾಸ್ತರನಾದ. ವಿಜ್ಞಾನ ಕಲಿಸುವವರು ಬೇರೆ ಯಾರೂ ಇಲ್ಲದ್ದರಿಂದ ಶಾಲೆ ಅವನಿಗೇ ವಿಜ್ಞಾನ ಕೊಟ್ಟಿತು. ಇಪ್ಪತ್ತೈದು ವರ್ಷದ ಹಿಂದಿನ ಆ ಗಾಜಿನ ಚೂರನ್ನು ನೆಪ ಮಾಡಿ ತಾನು ಹುಡುಗಿಯನ್ನು ಕಾಪಾಡಿದೆ ಎಂದು ಈಗ ನಂಬಬಹುದಿತ್ತು. ನಂಬುವುದಕ್ಕೂ ಒಂದಿಷ್ಟು ಬಿಸಿ ಬೇಕು, ಅದೂ ಇರಲಿಲ್ಲ. ಅಕ್ಕುವಿನ ಮಾರ್ಕ್‌ಶೀಟಿನ ಪಕ್ಕದಲ್ಲಿ ಪಿಂಜಾರನ ಮಗಳ ಮಾರ್ಕ್‌ಶೀಟು ಬಿದ್ದಿತ್ತು, ಅವನು ಎರಡನ್ನೂ ಒಟ್ಟಿಗೆ ನೋಡಿದ್ದ. ಅಷ್ಟು ಮಾತ್ರ ನಿಜ. ಉಳಿದದ್ದನ್ನು ಅವನ ಮನಸ್ಸು ಮುಟ್ಟಲಿಲ್ಲ.

ಘಾಟ್ಕೋಪರಿನ ಆ ಕಾಲೇಜಿನ ಬೋರ್ಡಿನ ಮುಂದೆ ಕೊಡೆಗಳ ನೀರು ಸೋರಿ ನೆಲವೆಲ್ಲ ಕೆಸರಾಗಿತ್ತು. ಆರ್ಟ್ಸ್ ಲಿಸ್ಟಿನ ನೆತ್ತಿಯ ಮೇಲೆ ಹಸೀನಾ ಮಕ್ತುಮಸಾಬ ನದಾಫ. ಅವನು ಸುಮ್ಮನೆ ಕೆಳಗಿನವರೆಗೂ ಓದಿದ, ಮಗಳ ಹೆಸರನ್ನೂ ದಾಟಿ ಕೆಳಗಿನ ಸಹಿ, ಮೊಹರಿನ ಶಿಕ್ಕೆಯವರೆಗೂ ಓದಿದ. ಕಿಟಕಿಯ ಕ್ಲಾರ್ಕು ಹಳೆಯ ಪರಿಚಯದವನು, ಗುರಲಿಂಗಪ್ಪನನ್ನು ಕಂಡರೆ "ಕಾಯ್ ಕಾನಡಿ ಮಾಸ್ತರ", ಏನಯ್ಯ ಕನ್ನಡದ ಮಾಸ್ತರ, ಎಂದು ಕರೆದು ಅಕ್ಕಪಕ್ಕದವರನ್ನು ನಗಿಸುವುದು ಅವನ ಪದ್ಧತಿ. ಇಂದೂ ಕರೆದ, ಗುರಲಿಂಗಪ್ಪ ಇಂದೂ ನಕ್ಕ. ಸಾಯನ್ಸಿನಲ್ಲಿ ಇನ್ನೂ ಐದಾರು ಸೀಟು ಖಾಲಿ ಇವೆ, ಆದರೆ ಬದಲಾವಣೆಗೆ ಇಂದೇ ಕಡೆಯ ದಿನ, ನಾಲ್ಕಕ್ಕೆ ಕಿಟಕಿ ಬಂದ್, ಪಾಲಕರ ಅರ್ಜಿ ಬೇಕು ಎಂದ ಕ್ಲಾರ್ಕು. ಗಂಟೆ ಹನ್ನೊಂದಾಗಿತ್ತು. ಪಾಲಕರ ಅರ್ಜಿ ಚೀಲದಲ್ಲೇ ಇತ್ತು, ಹೆಬ್ಬೆಟ್ಟಿನ ಸಮೇತ. ಬರೆಯುವುದೊಂದೇ ಬಾಕಿ.

ಪಡಸಾಲೆಯ ಬೆಂಚಿನ ಮೇಲೆ ಕೂತು, ಮೂಲೆಯಲ್ಲಿ ಪೆನ್ಸಿಲಿನಿಂದ ಮ.ಸಾ. ಎಂದು ಗುರುತು ಹಾಕಿದ್ದ ಎರಡು ಹಾಳೆಗಳಲ್ಲಿ ಒಂದನ್ನು ಎಳೆದ. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದೆಂದರೆ ಅವನಿಗೆ ನೀರು ಕುಡಿದಂತೆ. ಮಾತಾಡಲು ಬಾರದ ಇಂಗ್ಲಿಷು ಅರ್ಜಿಯಲ್ಲಿ ಮಾತ್ರ ಅವನಿಗೆ ಒಲಿದಿತ್ತು. ಕೆಳಗೆ ಸಹಿ ಮಾಡಿದ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಂದು ಪೆನ್ನು ಓಡಿತು. ಓದುಬರಹವಿಲ್ಲದ ಬಡವನಾದ ನಾನು ನನ್ನ ಅಜ್ಞಾನದಿಂದ ಮಗಳ ಫಾರ್ಮಿನಲ್ಲಿ ಸಾಯನ್ಸ್ ಬದಲು ಆರ್ಟ್ಸ್ ಎಂದು ತಪ್ಪಾಗಿ ಬರೆಯಿಸಿರುತ್ತೇನೆ, ಈ ತಪ್ಪು ಸಂಪೂರ್ಣ ನನ್ನದೇ. ಹನ್ನೊಂದು ವರ್ಷಗಳಲ್ಲಿ ಅವನು ಬರೆದ ಅರ್ಜಿಗಳೆಲ್ಲ ಹೀಗೇ ಇದ್ದವು. ತಡವಾದರೆ ಪಾಲಕನ ಅಜ್ಞಾನದಿಂದ, ಸರ್ಟಿಫಿಕೇಟು ಕಳೆದರೆ ಪಾಲಕನ ಅಜ್ಞಾನದಿಂದ. ಓದು ಬಾರದವನ ತಪ್ಪನ್ನು ಆಫೀಸುಗಳು ಕ್ಷಮಿಸುತ್ತವೆ, ಓದು ಬಂದವನದನ್ನು ಕ್ಷಮಿಸುವುದಿಲ್ಲ. ಅರ್ಜಿ ಎಂದರೆ ಹಾಗೇ. ಹದಿನೆಂಟನೆಯ ಸಾಲು ಸರಿಯಾಗಿ ಹೆಬ್ಬೆಟ್ಟಿನ ನೆತ್ತಿಗೆ ಬಂದು ನಿಂತಿತು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ತನ್ನ ಅಂದಾಜಿನ ಬಗ್ಗೆ ಒಂದು ಕ್ಷಣ ಅವನಿಗೆ ಹೆಮ್ಮೆ ಕೂಡ ಆಯಿತು.

ಕ್ಲಾರ್ಕು ಅರ್ಜಿ ಓದಿ ಹಿಂದಕ್ಕೆ ತಳ್ಳಿದ. "ಪಾಲಕಾಂನಾ ಘೇಊನ್ ಯಾ ಮಾಸ್ತರ. ಸಮೋರ್ ಪಾಹಿಜೆ." ಪಾಲಕರನ್ನೇ ಕರೆದುಕೊಂಡು ಬಾ, ಎದುರಿಗೆ ನಿಲ್ಲಬೇಕು. ಹೋದ ವರ್ಷ ಯಾರೋ ಕಾಕನೊಬ್ಬ ಅಪ್ಪನ ಹೆಸರಿನಲ್ಲಿ ಅರ್ಜಿ ಕೊಟ್ಟು ಗಲಾಟೆಯಾಗಿತ್ತಂತೆ. ಗುರಲಿಂಗಪ್ಪ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದ. ಮನೆಗೆ ಹೋಗಿಬಿಡಬಹುದಿತ್ತು. ಮಕ್ತುಮಸಾಬನಿಗೆ ಏನೂ ಗೊತ್ತಿರಲಿಲ್ಲ. ಲಿಸ್ಟಿನಲ್ಲಿ ಮಗಳು ಮೊದಲನೆಯವಳು, ಅದೇ ಅವನಿಗೆ ಹಬ್ಬ. ನಾಲ್ಕು ಗಂಟೆ ಕಳೆದರೆ ಇದು ಎಂದೆಂದಿಗೂ ಮುಚ್ಚಿಹೋಗುತ್ತದೆ. ಆದರೂ ಮಕ್ತುಮಸಾಬನಿರುವ ಭಾಂಡುಪಿಗೆ ಟಿಕೆಟ್ಟು ತೆಗೆದ. ಒಳ್ಳೆಯತನದಿಂದಂತೂ ಅಲ್ಲ. ಬೆಳಿಗ್ಗೆ ಅಕ್ಕು ಕೇಳಿದ ಪ್ರಶ್ನೆಯನ್ನು ಸಂಜೆ ಮತ್ತೆ ಕೇಳಿದರೆ ಏನು ಹೇಳುವುದು ಎಂಬಷ್ಟೇ ಯೋಚನೆ ಕಾಲನ್ನು ಎಳೆದೊಯ್ದಿತು.

ಭಾಂಡುಪಿನ ಗುಡ್ಡದ ಬದಿಯ ಚಾಳು. ಮೆಟ್ಟಿಲ ಮೇಲೆ ಕೆಂಪು ನೀರು ಇಳಿಯುತ್ತಿತ್ತು. ಒಂದೇ ಕೋಣೆಯ ಮನೆ. ಗೋಡೆಯಲ್ಲಿ ತೂಗುಹಾಕಿದ್ದ ಹತ್ತಿಯ ಬಿಲ್ಲಿನ ಮೇಲೆ ಒಣಗದ ಬಟ್ಟೆಗಳನ್ನು ಹರವಿದ್ದರು. ಮಾಸ್ತರರನ್ನು ಕಂಡು ಮಕ್ತುಮಸಾಬ ಎದ್ದ ರಭಸಕ್ಕೆ ಕೆಮ್ಮು ಬಂದು, ಕೆಮ್ಮುತ್ತಲೇ ಚಾಪೆ ಹಾಸಿದ. ಅವನ ಹೆಂಡತಿ ಚಾಂದಬಿ ತಲೆಯ ಮೇಲೆ ಸೆರಗೆಳೆದುಕೊಂಡು, ತಾಟಿನಲ್ಲಿ ಎರಡು ಪೇಢಾ ತಂದಿಟ್ಟಳು. "ತಿನ್ರಿ ಮಾಸ್ತರ. ನಿಮಗಂತನ ತಗದ ಇಟ್ಟೀನಿ. ಲಿಸ್ಟ್‌ನ್ಯಾಗ ಒಂದನೇ ಹೆಸರಂತ, ಇಡೀ ಚಾಳಿಗೆಲ್ಲಾ ಹಂಚ್ಯಾರ ಇವ್ರು." ಹಸೀನಾ ಮೂಲೆಯಲ್ಲಿ ಪಾಟಿ ಹಿಡಿದು ನಿಂತಿದ್ದಳು. ನಗಲಿಲ್ಲ, ನಮಸ್ಕಾರ ಮಾಡಿದಳು.

"ಮಾಸ್ತರ, ಇದ ನೋಡ್ರಿ" ಎಂದು ಮಕ್ತುಮಸಾಬ ಮಗಳ ಕೈಯಿಂದ ಪಾಟಿ ತೆಗೆದುಕೊಂಡ. ಪಾಟಿಯ ತುಂಬ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಮಕ್ತುಮಸಾಬ, ಮಕ್ತುಮಸಾಬ, ಐದು ಸಲ. ಕಡೆಯದರಲ್ಲಿ ಸಾಲು ಗುಡ್ಡ ಹತ್ತಿತ್ತು. "ಮಳಿಗಾಲದಾಗ ಕೆಲಸ ಇಲ್ಲ, ಸುಮ್ ಕುಂತ್ ಏನ್ ಮಾಡ್ತಿ ಸಹಿ ಕಲಿ ಅಂತ ಹಸೀನಾ ಹಠ ಹಿಡದ್ಲು. ಕಾಲೇಜಿಗೆ ಹೋಗೂ ಹುಡುಗಿ ಅಪ್ಪ ಹೆಬ್ಬೆಟ್ಟ ಒತ್ತಬಾರದಂತ್ರಿ. ಇನ್ನ ಮ್ಯಾಲ ಯಾವ ಕಾಗದ ಬಂದ್ರೂ ಮೊದಲ ಅಕಿ ಓದಿ ಹೇಳತಾಳ, ಆಮ್ಯಾಲ ನಾ ಸಹಿ ಮಾಡೂದು. ಹಂಗ ಕಾನೂನ ಮಾಡ್ಯಾಳ." ಅವನು ಮಗಳ ಕಡೆ ನೋಡಿದ ನೋಟದಲ್ಲಿ ಗರ್ವವೂ ಹೆದರಿಕೆಯೂ ಒಟ್ಟಿಗಿದ್ದವು. ಗುರಲಿಂಗಪ್ಪ ಪಾಟಿಯನ್ನು ಹಿಡಿದುಕೊಂಡು "ಚಲೋ ಆಗೇದ" ಎಂದ. ಸ ಅಕ್ಷರದ ಹೊಟ್ಟೆ ಸರಿಯಾಗಿಲ್ಲ ಎಂದು ತಿದ್ದಲು ಬೆರಳು ಮುಂದೆ ಹೋಯಿತು, ಹಿಂದೆ ತೆಗೆದುಕೊಂಡ.

ಹೇಳಬೇಕಾದದ್ದನ್ನು ಅವನು ಚಹಾ ಮುಗಿಸಿ ಹೇಳಿದ. ಸಾಯನ್ಸಿನ ಲಿಸ್ಟು ಐವತ್ತೊಂಬತ್ತಕ್ಕೆ ನಿಂತಿದೆ, ಹಸೀನಾಗೆ ಸೀಟು ಇದೆ, ಫಾರ್ಮಿನಲ್ಲಿ ಆರ್ಟ್ಸ್ ಎಂದು ಹೋಗಿಬಿಟ್ಟಿದೆ, ಇಂದು ನಾಲ್ಕರ ಒಳಗೆ ನೀವು ಬಂದು ನಿಂತರೆ ಬದಲಾಗುತ್ತದೆ. ಹೋಗಿಬಿಟ್ಟಿದೆ ಎಂದ. ಯಾರು ಕಳಿಸಿದರು ಎಂದು ಯಾರೂ ಕೇಳಲಿಲ್ಲ. ಚಾಂದಬಿ ಸೆರಗನ್ನು ಬಾಯಿಗೆ ಹಿಡಿದಳು. ಮಕ್ತುಮಸಾಬ ಆಗಲೇ ಎದ್ದು ಗೂಟದ ಮೇಲಿನ ಅಂಗಿ ತೊಟ್ಟುಕೊಳ್ಳುತ್ತಿದ್ದ. "ಅರ್ಜಿ ನಾನ ಬರದೀನಿ" ಎಂದು ಗುರಲಿಂಗಪ್ಪ ಚೀಲದಿಂದ ಹಾಳೆಯನ್ನು ತೆಗೆದ. ತೆಗೆದ ಮೇಲೆ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತ. ಹಸೀನಾ ಕೈ ಚಾಚಿದಳು.

"ಓದತೀನ್ರಿ ಸರ್."

ಅವಳು ಬಾಗಿಲ ಬೆಳಕಿಗೆ ಹೋಗಿ ನಿಂತಳು. ಇಂಗ್ಲಿಷನ್ನು ಅವನೇ ಕಲಿಸಿದ ಹಾಗೆ ಬಿಡಿಬಿಡಿಯಾಗಿ, ಪ್ರತಿ ಪದದ ಕೊನೆಗೆ ಒತ್ತು ಕೊಟ್ಟು ಓದಿದಳು. ಮೂರನೆಯ ಸಾಲಿಗೆ ನಿಧಾನವಾದಳು. ಅವಳ ಕಣ್ಣು ಸಾಲುಗಳನ್ನು ಬಿಟ್ಟು ಕೆಳಗೆ ಇಳಿದದ್ದನ್ನು ಅವನು ನೋಡಿದ. ನೇರಳೆ ಹೆಬ್ಬೆಟ್ಟು, ನಡುವೆ ಬಿಳಿಯ ಗೆರೆ. ಅಪ್ಪ ಎಂದೂ ಕೇಳದ ಮಾತಿನ ಕೆಳಗೆ ಅಪ್ಪನ ಹೆಬ್ಬೆಟ್ಟು. ಅವಳು ತಲೆ ಎತ್ತಿ ಮಾಸ್ತರನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಅವನಿಗೆ ಒಂದು ಆಸರೆಯಾಗುತ್ತಿತ್ತು. ಬೋರ್ಡಿನ ಮೇಲೆ ಮಾಸ್ತರರು ಲೆಕ್ಕ ತಪ್ಪು ಬಿಡಿಸಿದಾಗ ಮುಂದಿನ ಬೆಂಚಿನ ಹುಡುಗಿ ಹೇಳಲೋ ಬೇಡವೋ ಎಂದು ನೋಡುವ ಹಾಗೆ ನೋಡಿದಳು.

"ಏನ್ ಬರದಾರವ್ವ, ಕನ್ನಡದಾಗ ಹೇಳು" ಎಂದ ಮಕ್ತುಮಸಾಬ, ಗುಂಡಿ ಹಾಕಿಕೊಳ್ಳುತ್ತ.

"ಓದಬರಿಯಾಕ ಬರದ ಬಡವ ನಾನು" ಎಂದಳು ಹಸೀನಾ. ದನಿ ಸಮವಾಗಿತ್ತು. "ನನ್ನ ಅಜ್ಞಾನದಿಂದ ಮಗಳ ಫಾರ್ಮಿನಾಗ ಸಾಯನ್ಸ್ ಬದಲಿಗೆ ಆರ್ಟ್ಸ್ ಅಂತ ಬರಸೀನಿ. ಈ ತಪ್ಪು ಪೂರಾ ನಂದ ಅದ. ಹಂಗಂತ ಬರದದ."

ಗುರಲಿಂಗಪ್ಪ ಬಾಯಿ ತೆರೆದ. ಬಾಯಿ ತೆರೆದದ್ದು ಅವನಿಗೆ ಗೊತ್ತಾಯಿತು, ಒಳಗೆ ಪೇಢಾದ ಸಿಹಿ ಅಂಟಿಕೊಂಡಿತ್ತು. ಅಷ್ಟರಲ್ಲಿ ಮಕ್ತುಮಸಾಬ ಗುಂಡಿಯ ಮೇಲಿನ ಕೈ ನಿಲ್ಲಿಸಿ ಯೋಚಿಸುತ್ತ ನಿಂತಿದ್ದ. "ಬಾಯಿಲೆ ಸಾಯನ್ಸ್ ಅಂದಿದ್ದೆ ಅನಸ್ತದ" ಎಂದ ಮೆಲ್ಲಗೆ, ಯಾರಿಗೂ ಅಲ್ಲ. ಆಮೇಲೆ ತಲೆ ಕೊಡವಿದ. "ಇಲ್ಲ ಇಲ್ಲ. ಆವತ್ತ ಜ್ವರ ಇತ್ತು ನನಗ. ಏನ್ ಅಂದೆನೋ ಏನೋ. ನಂದ ತಪ್ಪಿರಬೇಕು. ಮಾಸ್ತರು ಬರದಾರಂದ್ರ ಹಂಗ ಇರಬೇಕು." ಅವನು ಮಗಳ ಕಡೆ ತಿರುಗಿ, "ನನ್ನ ಸಲುವಾಗಿ ನಿನ್ನ ವರ್ಷ ಹಾಳಾಗತಿತ್ತ ನೋಡವ್ವ" ಎಂದ. ಅವಳು ಅರ್ಜಿಯನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಮಾಸ್ತರನಿಗೆ ಕೊಡದೆ ತನ್ನ ಕೈಯಲ್ಲೇ ಇಟ್ಟುಕೊಂಡು, "ನಡೀರಿ, ಎರಡೂವರಿ ಆತು" ಎಂದಳು.

ಗಾಡಿಯಲ್ಲಿ ಮೂವರಿಗೂ ಕೂಡಲು ಜಾಗ ಸಿಕ್ಕಿತು. ಮಕ್ತುಮಸಾಬ ಕಿಟಕಿಯ ಪಕ್ಕ ಕೂತು ತೊಡೆಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆಯುತ್ತಿದ್ದ, ತಪ್ಪಿದಾಗ ಅಂಗೈಯಿಂದ ಒರೆಸುತ್ತಿದ್ದ. ಕಾಂಜೂರ್, ವಿಕ್ರೋಳಿ. ಹೇಳಲು ಇದು ತಕ್ಕ ಜಾಗ ಎಂದು ಗುರಲಿಂಗಪ್ಪನಿಗೆ ಅನಿಸುತ್ತಲೇ ಇತ್ತು, ಒಂದೊಂದು ಸ್ಟೇಷನ್ನಿಗೂ ಅನಿಸಿತು. ಈಗ ಹೇಳಿದರೆ ಅರ್ಜಿ ಬದಲಿಸಬೇಕು, ಅದಕ್ಕೆ ಹೊತ್ತಾಗುತ್ತದೆ, ಸೀಟು ಹೋಗುತ್ತದೆ. ಹುಡುಗಿಯ ಹಿತಕ್ಕಾಗಿಯೇ ಸುಮ್ಮನಿರಬೇಕು. ಹೀಗೆ ಕಾರಣಗಳು ಮತ್ತೆ ಬಂದು ಸಾಲಾಗಿ ಕೂತವು, ಆ ಸಂಜೆ ಬಂದವುಗಳಷ್ಟೇ ಒಳ್ಳೆಯವು. ಎದುರಿನ ಸೀಟಿನಲ್ಲಿ ಹಸೀನಾ ಹೊರಗೆ ನೋಡುತ್ತಿದ್ದಳು. ಅವಳ ಕಾಲಿನ ಪ್ಲಾಸ್ಟಿಕ್ ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿತ್ತು. ತನಗೆ ನಾಚಿಕೆಯಾಗುತ್ತಿದೆ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಯಾರದೋ ಜ್ವರದ ಬಗ್ಗೆ ಹೇಳಿದಂತಾಯಿತು.

ಕಿಟಕಿಯ ಮುಂದೆ ಅವರಿಗಿಂತ ಮೊದಲು ಎಂಟು ಜನರಿದ್ದರು. ಸರದಿ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕ್ಲಾರ್ಕು ಅರ್ಜಿಯನ್ನು ಬಿಡಿಸಿ, ಮಕ್ತುಮಸಾಬನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ತುಮ್ಹೀ ಬಾಪ್? ಗಲ್ತೀ ಕಿಸ್ಕೀ?"

ತಪ್ಪು ಯಾರದು ಎಂಬ ಪ್ರಶ್ನೆ ಕಿಟಕಿಯಿಂದ ಹೊರಬಂದು ಮೂವರ ನಡುವೆ ನಿಂತಿತು. ಗುರಲಿಂಗಪ್ಪ ಪಕ್ಕದಲ್ಲೇ ಇದ್ದ, ಒಂದು ಮೊಳ ದೂರದಲ್ಲಿ. ಹಸೀನಾ ಅವನ ಕಡೆ ತಿರುಗಿದಳು. ಕಾದಳು. ಅವಳು ಎಣಿಸುತ್ತಿದ್ದಾಳೆ ಎಂದು ಅವನಿಗನ್ನಿಸಿತು. ಅವನು ಕಿಟಕಿಯ ಕಟ್ಟೆಯ ಮೇಲಿನ ಗೋಂದಿನ ಬಾಟಲಿಯನ್ನು ನೋಡಿದ, ಅದರ ಬಾಯಿಯಲ್ಲಿ ಒಂದು ಇರುವೆ ಸಿಕ್ಕಿಕೊಂಡಿತ್ತು.

"ಮೇರೀಚ್ ಗಲ್ತೀ ಸಾಬ್" ಎಂದ ಮಕ್ತುಮಸಾಬ, ಎರಡೂ ಕೈ ಜೋಡಿಸಿ. "ಅನಪಢ್ ಆದ್ಮೀ ಹೂಂ. ಮಾಸ್ತರ್‌ನೇ ತೋ ಹಮಕೋ ಬಚಾಯಾ." ತಪ್ಪು ತನ್ನದೇ, ತಾನು ಓದು ಬಾರದವನು, ಮಾಸ್ತರರೇ ತಮ್ಮನ್ನು ಉಳಿಸಿದ್ದು. ಕ್ಲಾರ್ಕು ಹೆಬ್ಬೆಟ್ಟು ಇದೆಯಲ್ಲ ಸಾಕು ಎಂದರೂ ಕೇಳದೆ, ಅವನು ಪೆನ್ನು ಬೇಡಿ ತೆಗೆದುಕೊಂಡು ಹೆಬ್ಬೆಟ್ಟಿನ ಪಕ್ಕದಲ್ಲಿ ಸಹಿ ಮಾಡತೊಡಗಿದ. ನಾಲಿಗೆಯ ತುದಿ ಹೊರಗೆ ಬಂತು. ಹಿಂದೆ ನಿಂತವರು ಚಡಪಡಿಸಿದರು, ಒಬ್ಬ ನಕ್ಕ. ಐದು ಅಕ್ಷರ ಮುಗಿಯುವವರೆಗೆ ಹಸೀನಾ ಅಪ್ಪನ ಮೊಣಕೈ ಹಿಡಿದಿದ್ದಳು. ಕ್ಲಾರ್ಕು ಶಿಕ್ಕೆ ಹೊಡೆದು, ದೊಡ್ಡ ರಜಿಸ್ಟರಿನಲ್ಲಿ ಒಂದು ಹೆಸರನ್ನು ಒಂದು ಪುಟದಿಂದ ಹೊಡೆದು ಇನ್ನೊಂದು ಪುಟದಲ್ಲಿ ಬರೆದುಕೊಂಡ. ಅಷ್ಟೇ ಕೆಲಸ.

ಹೊರಗೆ ಮಳೆ ಸಣ್ಣಗಾಗಿತ್ತು. ಗೇಟಿನ ಬಳಿ ಮಕ್ತುಮಸಾಬ ಮಾಸ್ತರನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಣ್ಣಿಗೊತ್ತಿಕೊಂಡ. "ಮಾಡಿದ ತಪ್ಪು ನಂದು, ಓಡ್ಯಾಡಿದ್ದು ನೀವು. ಯಾರ್ ಮಾಡ್ತಾರ್ರಿ ಈ ಊರಾಗ? ಚಾಳಿಗೆಲ್ಲಾ ಹೇಳ್ತೀನಿ, ಗುಲಬರ್ಗಾಕ ಹ್ವಾದ್ರ ಅಲ್ಲೂ ಹೇಳ್ತೀನಿ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಎದುರಿನ ಮಿಠಾಯಿ ಅಂಗಡಿ ಕಂಡು, ತಡೀರಿ, ಬಾಯಿ ಸಿಹಿ ಮಾಡದ ಹೋಗಬ್ಯಾಡ್ರಿ ಎಂದು ಕೆಮ್ಮುತ್ತ ರಸ್ತೆ ದಾಟಿದ. ಗುರಲಿಂಗಪ್ಪನಿಗೆ ತನ್ನ ಬಲಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಗಿ ಕೆಳಗಿಳಿಸಿದ.

"ಸರ್" ಎಂದಳು ಹಸೀನಾ. ದಿನವೆಲ್ಲ ಅವನು ಕಾದಿದ್ದ ಪ್ರಶ್ನೆ ಬಂತು ಎಂದುಕೊಂಡ. ಅವಳು ಆ ಪ್ರಶ್ನೆ ಕೇಳಲಿಲ್ಲ. "ಆವತ್ತ ಅಪ್ಪ ಎರಡು ಖಾಲಿ ಹಾಳಿಗೆ ಹೆಬ್ಬೆಟ್ಟ ಒತ್ತಿದ್ರು. ಒಂದು ಇವತ್ತ ಆತು. ಇನ್ನೊಂದು ಕೊಡ್ರಿ."

ಅವನು ಚೀಲ ತೆರೆದ. ಹಾಳೆಗಳು ಮಳೆಯ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಪೆನ್ಸಿಲಿನ ಗುರುತುಗಳು ಒಂದಕ್ಕೊಂದು ಉಜ್ಜಿ ಮಸುಕಾಗಿ, ಯಾವುದು ಯಾರದೆಂದು ಅವನಿಗೆ ತಿಳಿಯಲಿಲ್ಲ. ಒಂದೊಂದೇ ಎತ್ತಿ ಕಣ್ಣಿನ ಹತ್ತಿರ ಹಿಡಿದ. ಹಮಾಲರ, ಗಾರೆಯವರ, ಗೇಟು ಕಾಯುವವರ ಹೆಬ್ಬೆಟ್ಟುಗಳು, ಎಲ್ಲವೂ ಒಂದೇ ನೇರಳೆ, ಎಲ್ಲದರ ಮೇಲೆ ಹದಿನೆಂಟು ಸಾಲಿನ ಬಿಳಿ ಜಾಗ. ಹಸೀನಾ ಅವನು ಹುಡುಕುವುದನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಕೈ ಹಾಕಿ ನಡುವಿನಿಂದ ಒಂದನ್ನು ಎಳೆದುಕೊಂಡಳು. ಸೀಳಿದ ಗೆರೆ ಇದ್ದದ್ದು. ಅದನ್ನು ನಾಲ್ಕಾಗಿ ಮಡಿಚಿ ಕಂಪಾಸಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಡಬ್ಬಿ ಟಕ್ಕೆಂದಿತು. "ಥ್ಯಾಂಕ್ಯೂ ಸರ್" ಎಂದಳು, ತರಗತಿಯಲ್ಲಿ ಅನ್ನುವ ಹಾಗೆಯೇ.

ರಸ್ತೆಯ ಆ ಬದಿಯಿಂದ ಮಕ್ತುಮಸಾಬ ಎಲೆಯ ಪೊಟ್ಟಣ ಹಿಡಿದು, ಟ್ಯಾಕ್ಸಿಯೊಂದನ್ನು ತಪ್ಪಿಸಿಕೊಂಡು ಬಂದ. ಒಂದು ಪೇಢಾ ತೆಗೆದು, ಮದುವೆಯ ಮನೆಯಲ್ಲಿ ಬೀಗರಿಗೆ ಹಿಡಿಯುವ ಹಾಗೆ ಮಾಸ್ತರನ ಬಾಯಿಯ ಹತ್ತಿರ ಹಿಡಿದ. ಬೆರಳಿಗೆ ಪೆನ್ನಿನ ಮಸಿ ಹತ್ತಿತ್ತು. "ಬಾಯಿ ತಗೀರಿ ಮಾಸ್ತರ" ಎಂದ. ಹಸೀನಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಗುರಲಿಂಗಪ್ಪ ಬಾಯಿ ತೆರೆದ.